‘ಕಸ್ಟಮ್ಸ್ ಡಿಕ್ಲರೇಷನ್’: ಫಲಕಕ್ಕೆ ‘ಸುಂಕದ ಚೀಟಿ’ ಸಾಕು

ವಿದೇಶಕ್ಕೆ ಪಾರ್ಸೆಲ್ ಬುಕ್ ಮಾಡುವ ಕೌಂಟರಿನ ಫಲಕದಲ್ಲಿ ‘ಕಸ್ಟಮ್ಸ್ ಡಿಕ್ಲರೇಷನ್’ಗೆ, ಅಂದರೆ ಒಳಗೇನಿದೆ ಎಂದು ಸುಂಕದವರಿಗೆ ಬರೆದುಕೊಡುವ ಚೀಟಿಗೆ, ಕನ್ನಡದಲ್ಲಿ ಏನು ಬರೆಸಬೇಕು ಎಂದು ದಾವಣಗೆರೆ ಪಿ.ಜೆ. ಬಡಾವಣೆಯ ಗೆಳೆಯರು ಕೇಳಿದ್ದಾರೆ. ನಾಳೆ ಬೆಳಗ್ಗೆ ಪೇಂಟರ್ ಬರುತ್ತಾನಂತೆ. ಹಾಗಾಗಿ ಮೊದಲು ಉತ್ತರ: ‘ಸುಂಕದ ಚೀಟಿ’. ಕೌಂಟರಿಗೆ ಅಷ್ಟು ಸಾಕು.

‘ಸೀಮಾಶುಲ್ಕ ಘೋಷಣಾಪತ್ರ’ ಬೇಡವೇ ಬೇಡ. ದಾವಣಗೆರೆಯಲ್ಲಿ ಘೋಷಣೆ ಎಂದರೆ ಮೆರವಣಿಗೆಯಲ್ಲಿ ಕೂಗುವುದು. ನಿನ್ನೆ ಒಬ್ಬರು ಸೂಚಿಸಿದ ‘ಗಡಿತೆರಿಗೆ ಸಾರೋಲೆ’ಯೂ ಬೇಡ, ಅದನ್ನು ಹೇಳಿದವರೇ ಬಂದು ಅರ್ಥ ಬಿಡಿಸಬೇಕಾಗುತ್ತದೆ. ಸುಂಕ ಸಂಸ್ಕೃತ ಮೂಲದ್ದು, ಆದ್ದರಿಂದ ಬಿಡಬೇಕು ಎನ್ನುವ ಅವರ ವಾದ ನಿಲ್ಲುವುದಿಲ್ಲ. ಶುಲ್ಕವೇ ಪ್ರಾಕೃತದಲ್ಲಿ ಸುಂಕವಾಗಿ ಇಲ್ಲಿಗೆ ಬಂತು, ನಿಜ. ಬಂದ ಮೇಲೆ ಏನಾಯಿತು ನೋಡಿ. ‘ದೊಡ್ಡ’ ಎಂಬರ್ಥದ ‘ಪೆರ್’ ಜೊತೆ ಸೇರಿ ಸಕಾರ ಜಕಾರವಾಗಿ ಪೆರ್ಜುಂಕವಾಯಿತು, ಆಮೇಲೆ ಪಕಾರ ಹಕಾರವಾಗಿ ಹೆಜ್ಜುಂಕ. ಶಾಸನಗಳಲ್ಲಿ ಎರಡೂ ಸಿಗುತ್ತವೆ. ನಮ್ಮ ಸಂಧಿಗೂ ನಮ್ಮ ಹಕಾರಕ್ಕೂ ಮೈಯೊಡ್ಡಿದ ಪದವನ್ನು ಇನ್ನೂ ನೆಂಟ ಎನ್ನುವುದು ಅನ್ಯಾಯ. 12ನೇ ಶತಮಾನದ ವಚನಕಾರ ಸುಂಕದ ಬಂಕಣ್ಣನ ಹೆಸರಿನಲ್ಲೇ ಅದಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಗಾದೆ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ.

ಶುಲ್ಕ ಎರಡನೇ ಸಲ ನೇರ ಸಂಸ್ಕೃತದಿಂದ ಬಂದು ಬೇರೆ ಕೆಲಸ ಹಿಡಿಯಿತು: ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ. ಸೇವೆಗೆ ಕೊಡುವುದು ಶುಲ್ಕ, ಸರಕಿನ ಮೇಲೆ ಬೀಳುವುದು ಸುಂಕ. ಕೌಂಟರಿನಲ್ಲಿ ಈ ಭೇದ ಕಾಣಲೇಬೇಕು. ಇಲ್ಲಿ ಕಟ್ಟುವ ದುಡ್ಡು ಬೇರೆ, ಅಲ್ಲಿ ಸಾಮಾನ್ಯವಾಗಿ ಪಾರ್ಸೆಲ್ ಬಿಡಿಸಿಕೊಳ್ಳುವವರ ತಲೆಗೆ ಬರುವುದು ಬೇರೆ.

‘ಎಚ್.ಎಸ್. ಕೋಡ್’ಗೆ ‘ಸಾಮರಸ್ಯ ಸಂಕೇತ’ ಎಂಬ ಅನುವಾದ ತಪ್ಪು. ಎಚ್.ಎಸ್. ಎಂದರೆ ‘ಹಾರ್ಮೊನೈಸ್ಡ್ ಸಿಸ್ಟಮ್’, ವಿಶ್ವ ಕಸ್ಟಮ್ಸ್ ಸಂಸ್ಥೆಯ ಸರಕು ವಿಂಗಡಣೆ, 1988ರಿಂದ ಜಾರಿಯಲ್ಲಿದೆ. ಮೊದಲ 6 ಅಂಕಿ ಎಲ್ಲ ಕಡೆ ಒಂದೇ, ಭಾರತದ ಪಟ್ಟಿಯಲ್ಲಿ 8. ಕೋಡ್ ಎಂದೇ ಬರೆಸಿ. ನಮ್ಮ ಮಂಡಕ್ಕಿ 1904 10ರಲ್ಲಿ ಬರುತ್ತದೆ. ಭಾರತದ ಪಟ್ಟಿಯಲ್ಲಿ 1904 10 20ರ ಎದುರು ‘ಮುಡಿ’ ಎಂದಿದೆ, ಪೂರ್ವದ ರಾಜ್ಯಗಳ ಮಾತು. 1905 90 40 ಎಂದರೆ ಪಾಪಡ್, ನಮ್ಮ ಹಪ್ಪಳ. ಇಂಗ್ಲಿಷ್ ಪಟ್ಟಿಗೇ ಪಾಪಡ್ ಬೇಕಾಯಿತು ಎಂದಮೇಲೆ ಕೋಡ್ ಎಂದರೆ ಕನ್ನಡ ಕೆಡುತ್ತದೆಯೇ? ಇಲ್ಲದ್ದನ್ನು ಎರವಲು ತರಬೇಕು. ಮನೆಯಲ್ಲೇ ಸುಂಕ ಇಟ್ಟುಕೊಂಡು ಸೀಮಾಶುಲ್ಕ ತರುವುದಕ್ಕೆ ನನ್ನ ಆಕ್ಷೇಪ.

ಇದಕ್ಕಿಂತ ಮುಖ್ಯವಾದದ್ದು ‘ಒಳಗೇನಿದೆ’ ಎಂಬ ಸಾಲು. ‘ವಸ್ತು ವಿವರಣೆ’ ಎಂದು ಬರೆಸಿದರೆ ಜನ ‘ಗಿಫ್ಟ್’ ಎಂದು ತುಂಬುತ್ತಾರೆ. ಅಂಚೆಯ ಸುಂಕದ ಚೀಟಿಯ ನಮೂನೆಯಾದ ಸಿಎನ್ 22ರಲ್ಲಿ ಗಿಫ್ಟ್‌ಗೆ ಬೇರೆ ಚೌಕವಿದೆ, ಅದು ವಸ್ತುವಿನ ಹೆಸರಲ್ಲ. ಹೋದ ವರ್ಷ ಮಗಳಿಗೆ ಜರ್ಮನಿಗೆ ಕಳಿಸಿದ ಡಬ್ಬದ ಮೇಲೆ ನಾನೇ ‘ಗಿಫ್ಟ್ ಐಟಮ್ಸ್’ ಎಂದು ಬರೆದಿದ್ದೆ. ನಲವತ್ತು ದಿನ ಕಳೆದು ವಾಪಸ್ ಬಂತು. ಬಿಚ್ಚಿದರೆ ಮಂಡಕ್ಕಿ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು, ಶೇಂಗಾ ಚಟ್ನಿಪುಡಿಯ ಎಣ್ಣೆ ರಟ್ಟು ದಾಟಿ ಚೀಟಿಯವರೆಗೂ ಹಬ್ಬಿತ್ತು. ನನ್ನ ಅಕ್ಷರದ ಮೇಲೆ ಅಡ್ಡಗೆರೆ ಎಳೆದಿದ್ದರು. ಮಗಳಿಗೆ ಫೋನಿನಲ್ಲಿ ಏನು ಹೇಳಬೇಕೆಂದು ತೋಚಲಿಲ್ಲ.

ಆದ್ದರಿಂದ ಫಲಕ ಹೀಗಿರಲಿ:

ಸುಂಕದ ಚೀಟಿ ಇಲ್ಲಿ ತುಂಬಿ
ಒಳಗೇನಿದೆ, ಒಂದೊಂದರ ಹೆಸರು • ಎಷ್ಟಿದೆ • ತೂಕ • ಬೆಲೆ • ಎಚ್.ಎಸ್. ಕೋಡ್

ಕೆಳಗೆ ಸಣ್ಣಕ್ಷರದಲ್ಲಿ ‘ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯಿರಿ’ ಎಂದು ಸೇರಿಸಿ, ಓದುವವರು ಆ ದೇಶದ ಸುಂಕದವರು. ಮಂಡಕ್ಕಿಗೆ ಅಲ್ಲಿ ‘ಪಫ್ಡ್ ರೈಸ್’ ಎಂದೇ ಹೋಗಬೇಕು. ಪೇಂಟರ್ ‘ಶುಂಕ’ ಎಂದು ಬರೆಯದ ಹಾಗೆ ಪಕ್ಕದಲ್ಲೇ ನಿಂತಿರಿ.