ಗಾಂಜಾ ಚಟ ಹಿಡಿಯುತ್ತಾ? ತಮ್ಮ ಬಿಟ್ಟು ಮೂರು ದಿನ, ಗೊತ್ತಿದ್ದವರು ಹೇಳಿ

ಪ್ರಶ್ನೆ (ಸಕಲೇಶಪುರ ತಾಲೂಕು)

ತಮ್ಮನಿಗೆ 21, ಬೆಂಗಳೂರಲ್ಲಿ ಇಂಜಿನಿಯರಿಂಗ್. ದಿನಾ ಗಾಂಜಾ ಸೇದುತ್ತಿದ್ದ ಅಂತ ಈಗ ಗೊತ್ತಾಯ್ತು. "ಬರೀ ಸೊಪ್ಪು ಕಣಕ್ಕ, ಚಟ ಹಿಡಿಯಲ್ಲ, ಬೇಕೆಂದಾಗ ಬಿಡ್ತೀನಿ" ಅಂತಾನೆ. ರಜೆಗೆ ಬಂದು, ಸೇದದೆ ಮೂರು ದಿನ ಆಯ್ತು. ರಾತ್ರಿಯೆಲ್ಲ ಎದ್ದಿರ್ತಾನೆ, ತಟ್ಟೆ ಮುಂದೆ ಕೂತು ಹಾಗೇ ಎದ್ದು ಹೋಗ್ತಾನೆ, ಅಮ್ಮ ಮಾತಾಡಿಸಿದರೆ ಸಿಡುಕ್ತಾನೆ. ಅಪ್ಪನಿಗೆ ಹೇಳಿಲ್ಲ. ಇದು ಚಟವೇ? ಏನು ಮಾಡಲಿ?

ಮನೋವೈದ್ಯ ವಿಭಾಗದ ನರ್ಸ್, ಹಾಸನ

ಹಿಡಿಯುತ್ತೆ ತಂಗಿ. ಎಲ್ಲರಿಗೂ ಹಿಡಿಯಲ್ಲ ಅನ್ನೋದೂ ನಿಜ, ಹುಡುಗರು ವಾದ ಮಾಡೋದು ಅದನ್ನೇ ಹಿಡ್ಕೊಂಡು. ಅಮೆರಿಕದ ಸಮೀಕ್ಷೆಗಳ ಲೆಕ್ಕದಲ್ಲಿ ಒಮ್ಮೆಯಾದರೂ ಸೇದಿದ ನೂರು ಜನರಲ್ಲಿ ಸುಮಾರು 9 ಮಂದಿಗೆ ಚಟವಾಗುತ್ತೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಅದು 17ರ ಹತ್ತಿರ, ದಿನಾ ಸೇದುವವರಲ್ಲಿ ಇನ್ನೂ ಜಾಸ್ತಿ.

ವೈದ್ಯರು ನೋಡೋದು ಡಿಎಸ್‌ಎಂ-5 ಅನ್ನೋ ಮನೋರೋಗ ಕೈಪಿಡಿಯ ಪಟ್ಟಿಯಲ್ಲಿರುವ 11 ಲಕ್ಷಣಗಳನ್ನು. ಅಂದುಕೊಂಡಿದ್ದಕ್ಕಿಂತ ಹೆಚ್ಚು ಸೇದೋದು, ಬಿಡೋಕೆ ಹೋಗಿ ಸೋಲೋದು, ಅದರ ಹಿಂದೆಯೇ ದಿನ ಕಳೆಯೋದು, ಓದು ಕೆಡೋದು, ಅದೇ ಅಮಲಿಗೆ ಹೆಚ್ಚು ಹೆಚ್ಚು ಬೇಕಾಗೋದು, ಬಿಟ್ಟಾಗ ಒದ್ದಾಡೋದು, ಹೀಗೆ. 12 ತಿಂಗಳಲ್ಲಿ 2 ಕಂಡರೂ ತೊಂದರೆ ಶುರುವಾಗಿದೆ ಅಂತ, 6 ಅಥವಾ ಹೆಚ್ಚಿದ್ದರೆ ತೀವ್ರ.

ನೀವು ಈಗ ನೋಡ್ತಿರೋದು ಆ ಒದ್ದಾಟವನ್ನೇ. ದಿನಾ ಸೇದಿದರೆ ಗಾಂಜಾದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿಯನ್ನು ಹಿಡಿಯುವ ಗ್ರಾಹಕಗಳನ್ನು (ರಿಸೆಪ್ಟರ್) ಮಿದುಳು ತಾನೇ ಕಡಿಮೆ ಮಾಡಿಕೊಳ್ಳುತ್ತೆ. ಅವು ಮೊದಲಿನಂತಾಗೋಕೆ ಸುಮಾರು ನಾಲ್ಕು ವಾರ ಬೇಕು. ಸಿಡುಕು, ಬೆವರು, ತಲೆನೋವು, ಹಸಿವಿಲ್ಲದಿರೋದು ಬಿಟ್ಟ ಒಂದರಿಂದ ಮೂರು ದಿನದೊಳಗೆ ಶುರುವಾಗಿ, ಮೊದಲ ವಾರದಲ್ಲಿ ಜೋರಾಗಿ, ಎರಡು ವಾರಕ್ಕೆ ಇಳಿಯುತ್ತೆ. ನಿದ್ದೆ ಮಾತ್ರ ತಿಂಗಳವರೆಗೂ ಕಾಡಬಹುದು, ಕನಸುಗಳು ವಿಪರೀತ.

ಬಹಳ ಜನ ಜಾರೋದು ಈ ರಾತ್ರಿಗಳಲ್ಲೇ. ಒಂದು ದಮ್ಮು ಎಳೆದ ಕೂಡಲೇ ನಿದ್ದೆ ಬರುತ್ತೆ, "ನೋಡು, ಇದು ನನಗೆ ಔಷಧಿ" ಅಂತಾರೆ. ಔಷಧಿಯಲ್ಲ, ಒದ್ದಾಟ ನಿಂತಿದ್ದಷ್ಟೇ. ಇದನ್ನು ಅವನಿಗೆ ಇವತ್ತೇ, ಮೆತ್ತಗೆ ಹೇಳಿ.

ಒಂದು ಪ್ರಶ್ನೆ ಕೇಳಲೇಬೇಕು: ದಿನಾ ಕುಡಿಯುತ್ತಲೂ ಇದ್ದನಾ? ಗಾಂಜಾ ಬಿಟ್ಟ ಒದ್ದಾಟದಿಂದ ಜೀವಕ್ಕೆ ಅಪಾಯವಿಲ್ಲ, ಮನೆಯಲ್ಲೇ ದಾಟಿಸಬಹುದು. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದಕ್ಕೆ ಆಸ್ಪತ್ರೆಯೇ ಬೇಕು.

ಆಪ್ತಸಮಾಲೋಚಕಿ, ಚಿಕ್ಕಮಗಳೂರು

ಮುಂದಿನ ಎರಡು ವಾರದ ಮಾತು ನಾನು ಹೇಳ್ತೀನಿ. ಮೊದಲು ಕಾಫಿ. ನಮ್ಮ ಕಡೆ ಮನೆಗಳಲ್ಲಿ ಹೊತ್ತಿಗೊಂದು ಲೋಟ ಕೈಗೆ ಬರುತ್ತೆ, ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಹೊಗೆ ಸೇದುವವರ ಲಿವರ್ ಕೆಫೀನನ್ನು ಬೇಗ ಕರಗಿಸುತ್ತೆ. ಸೇದೋದು ನಿಂತ ಮೇಲೆ ಅದೇ ಎರಡು ಲೋಟದ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ, ಎದೆ ಡವಡವ, ನಿದ್ದೆ ದೂರ. ಡಿಕಾಕ್ಷನ್ ಅರ್ಧ ಮಾಡಿ, ಮಧ್ಯಾಹ್ನ 12ರ ಮೇಲೆ ಕಾಫಿ-ಟೀ ಎರಡೂ ಬೇಡ.

ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಎಬ್ಬಿಸಿ, ಹಗಲು ಮಲಗೋಕೆ ಬಿಡಬೇಡಿ. ಸಂಜೆಯೊಳಗೆ ಮೈ ದಣಿಯಲಿ, ತೋಟದಲ್ಲಿ ಕೆಲಸವಿದ್ದರೆ ಅದೇ ಆದೀತು. ಊಟಕ್ಕೆ ಬಲವಂತ ಬೇಡ. ಗಂಜಿ, ಮಜ್ಜಿಗೆ, ಬಾಳೆಹಣ್ಣು, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ.

ಗಾಂಜಾವನ್ನು ಸಿಗರೇಟಿನ ತಂಬಾಕು ಬೆರೆಸಿ ಸೇದುತ್ತಿದ್ದನಾ ಕೇಳಿ. ಹಾಗಿದ್ದರೆ ಎರಡು ಚಟ ಒಟ್ಟಿಗೆ ಬಿಡ್ತಿದ್ದಾನೆ, ನಿಕೋಟಿನ್ನಿನ ಸಿಡುಕೂ ಸೇರಿಕೊಂಡಿದೆ. ಡಾಕ್ಟರಿಗೆ ಹೇಳಿದರೆ ನಿಕೋಟಿನ್ ಗಮ್ ಬರೆದುಕೊಡ್ತಾರೆ. ಗಾಂಜಾ ಬಿಟ್ಟು ಸಿಗರೇಟು ಇಟ್ಟುಕೊಂಡರೆ, ಕೈ ಹಳೇ ಅಭ್ಯಾಸಕ್ಕೆ ಮತ್ತೆ ರೋಲ್ ಸುತ್ತೋಕೆ ಹೋಗುತ್ತೆ.

ತುಡಿತ ಬಂದಾಗ 20 ನಿಮಿಷ ತಳ್ಳಿದರೆ ಸಾಮಾನ್ಯವಾಗಿ ಇಳಿಯುತ್ತೆ. ಸ್ನಾನ, ನಡಿಗೆ, ನಿಮ್ಮ ಜೊತೆ ಮಾತು, ಏನಾದರೂ ಸರಿ. ರೋಲಿಂಗ್ ಪೇಪರು, ಕ್ರಷರು, ಉಳಿದ ಪುಡಿ ಅವನ ಕೈಯಲ್ಲೇ ಬಿಸಾಡಿಸಿ. ತಂದುಕೊಡುವವನ ನಂಬರನ್ನೂ ಅವನೇ ಬ್ಲಾಕ್ ಮಾಡಲಿ. ನೀವು ಕದ್ದು ಎಸೆದರೆ ಜಗಳವೇ ಹೆಚ್ಚು.

ಮೆಡಿಕಲ್ ಸ್ಟೋರ್ ಫಾರ್ಮಸಿಸ್ಟ್, ಹಾಸನ

ಆಲ್‌ಪ್ರಜೋಲಂನಂಥ ನಿದ್ದೆ ಮಾತ್ರೆ ಕೇಳಿಕೊಂಡು ಯಾವ ಅಂಗಡಿಗೂ ಹೋಗಬೇಡಿ. ಆಲ್‌ಪ್ರಜೋಲಂ ಶೆಡ್ಯೂಲ್ ಎಚ್‌1 ಮಾತ್ರೆ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಅದರ ಚಟ ಗಾಂಜಾದ್ದಕ್ಕಿಂತ ಬಿಡಿಸೋದು ಕಷ್ಟ. ಗಾಂಜಾ ಬಿಡಿಸೋಕೆ ಅಂತಲೇ ಮಂಜೂರಾದ ಮಾತ್ರೆ ಇಲ್ಲ. ತಲೆನೋವಿಗೆ ಪ್ಯಾರಾಸಿಟಮಾಲ್ 500 ಸಾಕು.

ಪ್ರಶ್ನೆ ಕೇಳಿದವರು

ಕುಡಿಯಲ್ವಂತೆ, ತಂಬಾಕು ಬೆರೆಸ್ತಿದ್ದನಂತೆ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತಾ? ಸಂಬಂಧಿಕರು ಯಾವುದೋ ಖಾಸಗಿ ಸೆಂಟರ್‌ಗೆ ಹೇಳದೆ ಕೇಳದೆ ಸೇರಿಸಿಬಿಡಿ ಅಂತಿದ್ದಾರೆ. ಮೂತ್ರ ಪರೀಕ್ಷೆಯ ಕಿಟ್ ತರಿಸಲಾ?

ವಕೀಲರು, ಹಾಸನ

ಚಿಕಿತ್ಸೆಗೆ ಹೋದದ್ದಕ್ಕೆ ಕೇಸ್ ಆಗಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿಯ ವಿಷಯ ಗುಟ್ಟಾಗಿಡಬೇಕು. ಸೇದುವುದು ಅಪರಾಧವೇ: 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 27ನೇ ಕಲಂನಲ್ಲಿ ಗಾಂಜಾಕ್ಕೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಸೇದಿದ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡ ಕೇಸಿನಲ್ಲಿ, ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ 64ಎ ಕಲಂ ರಕ್ಷಣೆ ಕೊಡುತ್ತೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ತೋಟದ ಮೂಲೆಯಲ್ಲಿ ಗಿಡ ಹಾಕಿದ್ದರೆ ಅದು ಬೇರೆಯೇ ಲೆಕ್ಕ, 10 ವರ್ಷದವರೆಗೆ ಶಿಕ್ಷೆಯಿದೆ.

ಆಪ್ತಸಮಾಲೋಚಕಿ, ಚಿಕ್ಕಮಗಳೂರು

ಹೇಳದೆ ಸೇರಿಸುವ ಯೋಚನೆ ಖಂಡಿತ ಬಿಡಿ. ಆ ಸೆಂಟರ್‌ಗೆ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ, ಮನೋವೈದ್ಯರು ಬಂದು ನೋಡ್ತಾರಾ, ಮನೆಯವರ ಜೊತೆ ಫೋನಲ್ಲಿ ಮಾತಾಡೋಕೆ ಬಿಡ್ತಾರಾ ಕೇಳಿ. ಒಂದಕ್ಕೆ ತಡವರಿಸಿದರೂ ಬೇಡ. ಎಳೆದು ಹಾಕಿದರೆ ಇವತ್ತು ನಿಮ್ಮ ಮೇಲಿರುವ ನಂಬಿಕೆಯೂ ಹೋಗುತ್ತೆ, ಅವನು ಸತ್ಯ ಹೇಳ್ತಿರೋದು ನಿಮ್ಮೊಬ್ಬರಿಗೇ.

14446ಕ್ಕೆ ಫೋನ್ ಮಾಡಿ, ಅದು ವ್ಯಸನಮುಕ್ತಿ ಸಹಾಯವಾಣಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡ್ತಾರೆ. ಎರಡಕ್ಕೂ ದುಡ್ಡಿಲ್ಲ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮಲ್ಲಿ ಯಾವ ವಾರ ಅಂತ ವಿಚಾರಿಸಿಕೊಂಡು ಹೋಗಿ.

ಮನೋವೈದ್ಯ ವಿಭಾಗದ ನರ್ಸ್, ಹಾಸನ

ಇವು ಕಂಡರೆ ಮಂಗಳವಾರಕ್ಕೆ ಕಾಯಬೇಡಿ: ಯಾರೋ ಹಿಂಬಾಲಿಸ್ತಿದ್ದಾರೆ ಅನ್ನೋದು, ಇಲ್ಲದ ದನಿ ಕೇಳೋದು, ಸಾಯುವ ಮಾತು. ಅದೇ ದಿನ ಕರ್ಕೊಂಡು ಬನ್ನಿ. ವಾಂತಿ ನಿಲ್ಲದೆ, ಬಚ್ಚಲಿಗೆ ಹೋಗಿ ಬಿಸಿನೀರು ಮೈಮೇಲೆ ಸುರಿದುಕೊಳ್ತಾನೇ ಇದ್ದರೆ ಅದೂ ಗಾಂಜಾದ್ದೇ ಒಂದು ಕಾಯಿಲೆ, ಡಾಕ್ಟರಿಗೆ ಹಾಗೇ ಹೇಳಿ, ಇಲ್ಲದಿದ್ದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ಬರೆದು ಕಳಿಸಿಬಿಡಬಹುದು.

ಕಿಟ್ ಈಗ ತರಿಸಬೇಡಿ. ಟಿಎಚ್‌ಸಿ ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಹೊರಗೆ ಬರುತ್ತೆ. ದಿನಾ ಸೇದಿದವರ ಮೂತ್ರದಲ್ಲಿ ಬಿಟ್ಟು 30 ದಿನವಾದರೂ ಪಾಸಿಟಿವ್ ಬರಬಹುದು. ಅದನ್ನು ನೋಡಿ ಅಮ್ಮ "ಸುಳ್ಳು ಹೇಳ್ತಿದ್ದೀಯ" ಅಂದುಬಿಟ್ಟರೆ, ನಿಜವಾಗಿ ಬಿಟ್ಟಿರುವ ಹುಡುಗನೂ ಆ ಸಿಟ್ಟಿಗೇ ವಾಪಸ್ ಹೋಗ್ತಾನೆ.