ಸಹಾಯ ಬೇಕು: ಹಿಮ ತೆಗೆಯುವ ಚಿಕ್ಕ ಟ್ರ್ಯಾಕ್ಟರ್‌ಗೆ ಯಾವ ಟೈರ್?

ನಮಸ್ಕಾರ. ಅಮೆರಿಕದ ವರ್ಮಾಂಟ್‌ನಲ್ಲಿದ್ದೇವೆ. ಮನೆಯ ಜಲ್ಲಿ ದಾರಿ ಇಳಿಜಾರು. ಹಿಮ ತಳ್ಳುವುದು 25 ಎಚ್‌ಪಿ ಫೋರ್‌ವೀಲ್ ಟ್ರ್ಯಾಕ್ಟರ್‌ನಲ್ಲಿ. ಈಗಿರುವುದು ಆರ್-4, ಅಂದರೆ ದಪ್ಪ ಪಟ್ಟಿಗಳ ಇಂಡಸ್ಟ್ರಿಯಲ್ ಟೈರ್. ಹೊಸ ಹಿಮದಲ್ಲಿ ಪರವಾಗಿಲ್ಲ. ತುಳಿದು ಗಟ್ಟಿಯಾದ ಹಿಮದ ಮೇಲೆ ಮಾತ್ರ ಆ ದಪ್ಪ ಪಟ್ಟಿಗಳು ಹಿಡಿಯುವುದೇ ಇಲ್ಲ, ಸುಮ್ನೆ ಜಾರುತ್ತವೆ. ಹಿಂದಿನ ಟೈರ್‌ಗಳ ಪಕ್ಕದಲ್ಲಿ ಬಿರುಕೂ ಬಿಟ್ಟಿದೆ, ಬದಲಿಸಲೇಬೇಕು.

ಮುಂದಿನ, ಹಿಂದಿನ ಟೈರ್ ಸುತ್ತಳತೆಯ ಅನುಪಾತ ತಪ್ಪಿದರೆ ಫೋರ್‌ವೀಲ್ ಗೇರ್‌ಗಳಿಗೇ ಪೆಟ್ಟು ಅಲ್ವಾ? ಅದಕ್ಕೇ ನಾಲ್ಕನ್ನೂ ಒಟ್ಟಿಗೆ ಕೊಳ್ಳುತ್ತೇನೆ. ಆರ್-3 ಟರ್ಫ್ (ಹುಲ್ಲುಹಾಸಿನ ಮೇಲೆ ಓಡಿಸುವ ಟೈರ್) ಹಾಕಿ ಹಿಂದಕ್ಕೆ ಚೈನ್ ಕಟ್ಟಲೇ, ಇಲ್ಲ ಆರ್-14 (ಹಲವು ಬಗೆಯ ನೆಲಕ್ಕೆ ಆಗುವ ಮಿಶ್ರ ವಿನ್ಯಾಸದ ಟೈರ್) ಸಾಕೇ? ಚೈನ್ ಕಟ್ಟಿದರೆ ಫೆಂಡರ್‌ಗೆ ತಾಗುತ್ತದೆಯೇ? ತೂಕ ಹೆಚ್ಚಿ ಹಿಡಿತ ಸಿಗಲೆಂದು ಟೈರ್ ಒಳಗೆ ಬೀಟ್ ರಸ ತುಂಬಿಸುವ ಯೋಚನೆಯಿದೆ. ಅದೇ ಕೆಲಸಕ್ಕೆ ತುಂಬಿಸುವ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ರಿಮ್‌ಗೆ ತುಕ್ಕು ಹಿಡಿಸುತ್ತದೆ, ಅದು ಬೇಡ. ಇಳಿಜಾರಿನಲ್ಲಿ ಓಡಿಸಿದವರು ದಯವಿಟ್ಟು ತಿಳಿಸಿ. ನವೆಂಬರ್‌ಗೆ ಮೊದಲೇ ಹಾಕಿಸಬೇಕು.