ಸಹಾಯ ಬೇಕು: ಹಳೇ ಎಸ್ಟೀಮಿನ ಪಿಸಿವಿ ವಾಲ್ವ್ ಹುಬ್ಬಳ್ಳ್ಯಾಗ ಎಲ್ಲಿ ಸಿಗ್ತೈತ್ರಿ?

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 2004ರ ಮಾರುತಿ ಎಸ್ಟೀಮ್ ಕಾರು, ಪೆಟ್ರೋಲ್. ಪಿಸಿವಿ ವಾಲ್ವ್ ಅಂದ್ರ ಎಂಜಿನ್ ಒಳಗ ಕೂಡೋ ಗ್ಯಾಸ್ ಎಳಕೊಂಡು ತಿರುಗಿ ಸುಡಾಕ ಕಳಸೋ ಸಣ್ಣ ವಾಲ್ವ್. ಏರ್ ಫಿಲ್ಟರ್ ಡಬ್ಬಿ ತೆಗೆದ್ರ ಒಳಗೆಲ್ಲಾ ಆಯಿಲ್ ಜಿಡ್ಡು, ವಾಲ್ವ್ ಕವರ್ ಅಂಚಿನ್ಯಾಗೂ ಸಣ್ಣಗ ಒಸರಾಕತ್ತೈತಿ. ಮೆಕ್ಯಾನಿಕ್ ಒಬ್ರು ನೋಡಿದವ್ರನ "ಎಂಜಿನ್ ಇಳಿಸಿ ಪಿಸ್ಟನ್ ರಿಂಗ್ ಹಾಕಸ್ರಿ" ಅಂದಬಿಟ್ರು. ರಿಂಗ್ ಸವದ್ರೂ ಹಿಂಗ ಆಗ್ತೈತಿ, ಖರೆ. ಆದ್ರ ಪಿಸಿವಿ ವಾಲ್ವ್ ಬಿಚ್ಚಿ ಕಿವಿ ಹತ್ರ ಅಲ್ಲಾಡಿಸಿದ್ರ ಟಿಕ್ ಟಿಕ್ ಸಪ್ಪಳಾನ ಇಲ್ಲ, ಅಂದ್ರ ಒಳಗ ಅಂಟಿಕೊಂಡಂಗೈತಿ. ತಿರುಗಿ ಕೂಡಿಸಿ, ಪೈಪ್ ತೆಗೆದು, ಐಡ್ಲಿಂಗ್‌ನ್ಯಾಗ ಅದರ ಬಾಯಿಗೆ ಬೆರಳಿಟ್ರ ಎಳೆತಾನೂ ಇಲ್ಲ. ಕಾರ್ಬ್ ಕ್ಲೀನರ್ (ಜಿಡ್ಡು ಕರಗಿಸೋ ಸ್ಪ್ರೇ) ಹೊಡೆದ್ರೂ ಸಡಿಲಾಗಲಿಲ್ಲ. ಗ್ಯಾಸ್ ಹೋಗಾಕ ದಾರಿ ಇಲ್ದ ಬ್ರೀದರ್ ಪೈಪ್ ಹಿಡದು ಫಿಲ್ಟರಿಗೆ ಬರಾಕತ್ತೈತಿ ಅಂತ ನನ್ನ ಲೆಕ್ಕ. ವಾಲ್ವಿನ ರಬ್ಬರ್ ಪೈಪ್ ಅಂತೂ ಕಟಕಟಿ ರೊಟ್ಟಿ ಆಗೇತಿ, ಬಗ್ಗಿಸಿದ್ರ ಬಿರುಕು.

ಅಂಗಡ್ಯಾಗ ಕೇಳಿದ್ರ "ಯಾವ ಗಾಡೀದರ ಹಾಕ್ರಿ, ಕೂಡ್ತೈತಿ" ಅಂತಾರ. ಕೂಡಬಹುದು, ಆದ್ರ ಒಳಗಿನ ಸ್ಪ್ರಿಂಗ್ ಬ್ಯಾರೆ ಇದ್ರ ಗಾಳಿ ಹೆಚ್ಚು-ಕಡಿಮಿ ಎಳದು ಐಡ್ಲಿಂಗ್ ಕೆಡೋದಿಲ್ಲೇನ್ರಿ?

ಇದಕ್ಕ ಸರಿ ಹೊಂದೋ ವಾಲ್ವ್ ಗೋಕುಲ ರೋಡ್, ಪಿ.ಬಿ. ರೋಡ್ ಕಡೆ ಯಾರ ಹತ್ರ ಐತಿ ಹೇಳ್ರಿ. ಗದಗಿನ್ಯಾಗ ಇದ್ರೂ ಬರ್ತೀನಿ. ಪೈಪಿಗೆ ಆಯಿಲ್ ತಡಿಯೋ ಹೋಸ್ ಮೀಟರ್ ಲೆಕ್ಕದಾಗ ಕೊಡೋವ್ರು ಗೊತ್ತಿದ್ರ ಅದನ್ನೂ ತಿಳಸ್ರಿ.